ತಾಸಿಯಾಲುಕ್ ಊರಿನ ಹೆರಿಗೆ ಕೋಣೆ

ಮಂಗಳವಾರ ವಿಮಾನ ಬರುವ ದಿನ. ಆ ದಿನ ತಾಸಿಯಾಲುಕ್‌ನ ಬಸುರಿಯರು ಗಂಡಂದಿರ ದೊಗಲೆ ಕೋಟು ತೊಟ್ಟು, ಬೆನ್ನು ಬಾಗಿಸಿ, ಆಸ್ಪತ್ರೆಯ ಕಿಟಕಿಯ ಕಡೆ ಮುಖ ಹಾಕದೆ ಅಂಗಡಿಗೆ ಹೋಗಿ ಬರುತ್ತಿದ್ದರು. ನಾಚಿಕೆಯಿಂದಲ್ಲ. ಎಂಟು ತಿಂಗಳು ದಾಟಿದ ಹೊಟ್ಟೆ ಯಾರ ಕಣ್ಣಿಗಾದರೂ ಬಿತ್ತೆಂದರೆ ಮುಗಿಯಿತು, ಮುಂದಿನ ಮಂಗಳವಾರದ ಪಟ್ಟಿಯಲ್ಲಿ ಅವಳ ಹೆಸರು. ಹಿಮದ ಉತ್ತರದಲ್ಲಿರುವ ಹಡ್ಸನ್ ಕೊಲ್ಲಿಯ ದಡದಿಂದ ಎತ್ತಿ, ಸಾವಿರ ಮೈಲಿ ಕೆಳಗಿನ ಮಾಂಟ್ರಿಯಲ್‌ಗೆ ಹಾರಿಸಿ, ಅಲ್ಲಿನ ವಸತಿಗೃಹವೊಂದರಲ್ಲಿ ನಾಲ್ಕೈದು ವಾರ ಕೂಡಿಹಾಕಿ, ನೋವು ಬಂದಾಗ ದೊಡ್ಡಾಸ್ಪತ್ರೆಗೆ ಸಾಗಿಸಿ, ಹೆತ್ತ ಮೇಲೆ ಕೂಸಿನ ಸಮೇತ ವಾಪಸು ತಂದು ಇಳಿಸುತ್ತಿದ್ದರು. ಇದಕ್ಕೆ ದಕ್ಷಿಣದವರು ಇಟ್ಟ ಹೆಸರು ಸುರಕ್ಷಿತ ಹೆರಿಗೆ. ಸುರಕ್ಷಿತವಂತೆ! ಮನೆಯಲ್ಲಿ ಉಳಿದ ಮೂರು ಮಕ್ಕಳಿಗೆ ಐದು ವಾರ ಯಾರು ಸೀಲ್ ಮಾಂಸ ಬೇಯಿಸಿ ಹಾಕಬೇಕು ಎಂದು ಒಬ್ಬನಾದರೂ ಕೇಳಿದ್ದರೆ ಹೇಳಿ.

ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಮುಟ್ಟು ನಿಂತದ್ದು ಯಾವಾಗ? ಅದಕ್ಕೆ ಇಡೀ ಊರಿನ ಹೆಂಗಸರು ಎರಡು ತಿಂಗಳು ಕದ್ದು ಉತ್ತರ ಹೇಳುತ್ತಿದ್ದರು. ವಿಮಾನ ಹತ್ತಿಸುವ ಹೊತ್ತಿಗೆ ಮಗು ಮನೆಯಲ್ಲೇ ಹುಟ್ಟಿಬಿಡಲಿ ಎಂಬ ಆಸೆ. ದಕ್ಷಿಣದ ಡಾಕ್ಟರುಗಳು ತಮ್ಮ ವರದಿಯಲ್ಲಿ ಈ ಜನಕ್ಕೆ ದಿನ ಎಣಿಸಲು ಬರುವುದಿಲ್ಲ ಎಂದು ಬರೆದರು. ಸೀಲ್ ಯಾವ ವಾರ ಮರಿ ಹಾಕುತ್ತದೆ, ಹೆಬ್ಬಾತು ಯಾವ ದಿನ ತಲೆಯ ಮೇಲೆ ಹಾರುತ್ತದೆ ಎಂದು ಬೆರಳು ಮಡಿಸದೆ ಹೇಳುವವರಿಗೆ ಎಣಿಕೆ ಬರುವುದಿಲ್ಲವಂತೆ! ಸುಳ್ಳು ಹೇಳುವಷ್ಟು ಇವರನ್ನು ಯಾವುದು ಹೆದರಿಸಿದೆ ಎಂದು ಯೋಚಿಸುವುದಕ್ಕಿಂತ ದಡ್ಡರು ಎಂದು ಬರೆದು ಕೈ ತೊಳೆದುಕೊಳ್ಳುವುದು ಸುಲಭ.

ಅಕಿನಿಸಿಗೆ ಸುಳ್ಳು ಹೇಳಲು ಬರಲಿಲ್ಲ. ಹತ್ತೊಂಬತ್ತರ ಹುಡುಗಿ, ಚೊಚ್ಚಲು ಬಸುರಿ. ಕೇಳಿದ ದಿನವನ್ನು ಸರಿಯಾಗಿ ಹೇಳಿದಳು, ವಿಮಾನ ಹತ್ತಿದಳು. ಮಾಂಟ್ರಿಯಲ್‌ನ ವಸತಿಗೃಹದಲ್ಲಿ ಬೇಯಿಸಿದ ಕೋಳಿ, ಡಬ್ಬಿಯ ಬಟಾಣಿ, ಗೋಡೆಯ ಕಡೆ ತಿರುಗಿಸಿದ ಮಂಚ. ಐದು ವಾರ ಅವಳೊಂದಿಗೆ ಅವಳ ಭಾಷೆಯಲ್ಲಿ ಮಾತಾಡಿದವರು ಅವಳಂತೆಯೇ ಹೊಟ್ಟೆ ಹೊತ್ತು ಕೂತಿದ್ದ ಇನ್ನಿಬ್ಬರು ಹೆಂಗಸರು ಮಾತ್ರ. ಎಪ್ಪತ್ತಾರರ ಫೆಬ್ರವರಿಯಲ್ಲಿ ನೋವು ಬಂತು. ಬಿಳಿ ಬಟ್ಟೆಯವರು ಅವಳ ಕಾಲುಗಳನ್ನು ಕಟ್ಟಿದರು, ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಒಬ್ಬ ಗಂಡಸು ಬಂದು, ಕತ್ತರಿ ಆಡಿಸಿ, ಕೈ ತೊಳೆದು ಹೊರಟುಹೋದ. ಅವನ ಮುಖದ ಅರ್ಧ ಮುಸುಕಿನಲ್ಲಿತ್ತು. ಅಕಿನಿಸಿ ತನಗೆ ಬರುತ್ತಿದ್ದ ನಾಲ್ಕು ಇಂಗ್ಲಿಷ್ ಪದ ಕೂಡಿಸಿ ಅವನ ಹೆಸರು ಕೇಳಿದಳು. ನರ್ಸು ಹೆಗಲು ಕುಣಿಸಿ, ಯಾರೋ ಡ್ಯೂಟಿ ಡಾಕ್ಟರು, ನಿನಗೇಕೆ ಅದು ಎಂದಳು.

ಏಕೆ ಎಂದರೆ ತಾಸಿಯಾಲುಕ್‌ನಲ್ಲಿ ಹೊಕ್ಕುಳಬಳ್ಳಿ ಕೊಯ್ದವರು ಕತ್ತರಿ ಹಿಡಿದ ಬರಿಯ ಕೈಯಲ್ಲ. ಅವರು ಆ ಮಗುವಿನ ಸನಾಜಿ. ಮಗುವನ್ನು ಮಾಡುವವರು ಎಂದೇ ಆ ಮಾತಿನ ಅರ್ಥ. ಕೂಸಿಗೆ ಮೊದಲ ಬಟ್ಟೆ ತೊಡಿಸಿ, ಕೈ ಚುರುಕಾಗಲಿ, ಮನಸ್ಸು ಗಟ್ಟಿಯಾಗಲಿ ಎಂದು ಕಿವಿಯಲ್ಲಿ ಹೇಳುವವರು ಅವರು. ಆ ಮಗು ಬೆಳೆದು ಮೊದಲು ಹಿಡಿದ ಮೀನು, ಮೊದಲು ಹೊಡೆದ ಹಕ್ಕಿ, ಮೊದಲು ಹೊಲಿದ ಕೈಗವಸು ಸಲ್ಲಬೇಕಾದದ್ದು ಅವರಿಗೇ. ಅದನ್ನು ಪಡೆದವರು ನೆಲದ ಮೇಲೆ ಉರುಳಾಡಿ, ಕೂಗಿ, ಊರೆಲ್ಲ ನಗುವಂತೆ ಹಿಗ್ಗಬೇಕು. ಆಗ ಮಗುವಿಗೆ ತಾನೂ ಊರಿಗೆ ಬೇಕಾದವಳು ಎಂದು ತಿಳಿಯುತ್ತದೆ. ಅಕಿನಿಸಿಯ ಮಗಳಿಗೆ ಸಿಕ್ಕ ಸನಾಜಿಗೆ ಅರ್ಧ ಮುಖ, ಹೆಸರಿಲ್ಲ.

ಮಗುವಿಗೆ ನೆಲ್ಲಿ ಎಂದು ಹೆಸರಿಟ್ಟರು, ಹಿಂದಿನ ಚಳಿಗಾಲದಲ್ಲಿ ತೀರಿಕೊಂಡ ಅಕಿನಿಸಿಯ ತಾಯಿಯ ಹೆಸರು. ಹೆಸರು ಬಂದರೆ ಸಂಬಂಧವೂ ಬಂತು. ಅಂದಿನಿಂದ ಅಕಿನಿಸಿ ಆ ಕೂಸನ್ನು ಅವ್ವ ಎಂದಳು, ಮಾತು ಬಂದ ಮೇಲೆ ಕೂಸು ಅವಳನ್ನು ಮಗಳೇ ಎಂದು ಕೂಗಿತು. ಅಕಿನಿಸಿಯ ದೊಡ್ಡಮ್ಮ ಲಿಯಾ, ಎಪ್ಪತ್ತಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ಊರಿನ ಸೂಲಗಿತ್ತಿ, ತೊಟ್ಟಿಲ ಕೂಸನ್ನು ತಂಗಿ ಎನ್ನುತ್ತಿದ್ದಳು. ಆ ಲಿಯಾಳನ್ನು ದಕ್ಷಿಣದ ಒಬ್ಬ ಡಾಕ್ಟರೂ ಒಂದು ಮಾತು ಕೇಳಿದವನಲ್ಲ.

ಆರು ವರ್ಷದ ನೆಲ್ಲಿ ಒಂದು ವಸಂತದಲ್ಲಿ ಮಂಜುಗಡ್ಡೆಯ ತೂತಿನಿಂದ ಮೊಳದುದ್ದದ ಚಾರ್ ಮೀನು ಎಳೆದು ಹಾಕಿದಳು. ಅಪ್ಪ ಯೂಸಿಪಿ ಕುಣಿದ, ಎಲ್ಲರೂ ಕೂಗಿದರು. ಆಮೇಲೆ ಸದ್ದು ನಿಂತಿತು. ಮಗು ಎರಡೂ ಕೈಯಲ್ಲಿ ಮೀನು ಹಿಡಿದು ಒಬ್ಬೊಬ್ಬರ ಮುಖವನ್ನೂ ನೋಡಿತು.

"ಯಾರಿಗೆ ಕೊಡ್ಲಿ?"

"ನೀನೇ ಇಸ್ಕೋ ದೊಡ್ಡಮ್ಮ," ಅಂದಳು ಅಕಿನಿಸಿ ಪಿಸುಗುಟ್ಟಿ.

"ನಾನು ಕೊಯ್ದಿಲ್ಲ ಕಣೆ. ಇಸ್ಕೊಂಡ್ರೆ ಕದ್ದ ಹಾಗೆ," ಅಂದಳು ಲಿಯಾ. "ಯಾವನು ಕೊಯ್ದನೋ ಅವನಿಗೇ ಹೋಗ್ಬೇಕು. ಕಳ್ಸಿ."

ಕಳಿಸಿದರು! ಬೇರೆ ಯಾವ ಊರಿನವರೂ ಮಾಡದ ಕೆಲಸ. ಮೀನನ್ನು ಗಟ್ಟಿಯಾಗಿ ಹೆಪ್ಪುಗಟ್ಟಿಸಿ, ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಮಂಗಳವಾರದ ವಿಮಾನಕ್ಕೆ ಹಾಕಿದರು. ಅಕಿನಿಸಿ ಆಗ ಊರ ಆಸ್ಪತ್ರೆಯಲ್ಲಿ ದುಭಾಷಿಯಾಗಿ ಸೇರಿದ್ದಳು, ಇಂಗ್ಲಿಷ್ ಸುಧಾರಿಸಿತ್ತು. ಪೆಟ್ಟಿಗೆಯ ಜೊತೆ ಕಾಗದ ಬರೆದಳು: ‘ಎಪ್ಪತ್ತಾರರ ಫೆಬ್ರವರಿ ಒಂಬತ್ತರಂದು ನೆಲ್ಲಿಯ ಹೊಕ್ಕುಳಬಳ್ಳಿ ಕೊಯ್ದ ಡಾಕ್ಟರಿಗೆ. ಇದು ಅವಳ ಮೊದಲ ಮೀನು. ದಯವಿಟ್ಟು ತಿನ್ನಿ. ದಯವಿಟ್ಟು ಜೋರಾಗಿ ಸಂತೋಷಪಡಿ.’

ನೆಲ್ಲಿ ಎರಡು ತಿಂಗಳು ಪ್ರತಿ ಮಂಗಳವಾರ ರನ್‌ವೇಯ ಬೇಲಿ ಹಿಡಿದು ನಿಂತಳು. ಒಂಬತ್ತನೆಯ ವಾರ ಟೈಪು ಮಾಡಿದ ಉತ್ತರ ಬಂತು. ಕೆಡುವ ಆಹಾರ ಪದಾರ್ಥವನ್ನು ಆಸ್ಪತ್ರೆಗೆ ಕಳಿಸುವುದು ನಿಯಮಕ್ಕೆ ವಿರುದ್ಧ. ಪೊಟ್ಟಣವನ್ನು ನಾಶಪಡಿಸಲಾಗಿದೆ. ಚಿಕಿತ್ಸೆಯ ಬಗ್ಗೆ ದೂರಿದ್ದರೆ ಇದರ ಜೊತೆಗಿರುವ ಫಾರಂ ತುಂಬತಕ್ಕದ್ದು. ಕೆಳಗೆ ಯಾರದೋ ಗೀಚು ಸಹಿ.

"ಏನಂತೆ ಮಗಳೇ?" ಎಂದು ಕೇಳಿತು ಮಗು.

"ತಿಂದರಂತೆ ಅವ್ವ. ಎದ್ದು ಕುಣಿದರಂತೆ."

ಹುಟ್ಟಿದಾಗಿನಿಂದ ಸುಳ್ಳಾಡದ ಅಕಿನಿಸಿಯ ಬಾಯಿಂದ ಬಂದ ಮೊದಲ ಸುಳ್ಳು ಅದು. ಹೇಳಿಸಿದವರು ಯಾರು? ಹೇಳಿದ ಮೇಲೆ ಅವಳಿಗೆ ಎಷ್ಟು ಸಿಟ್ಟು ಬಂತೆಂದರೆ ಆ ದಿನ ಅವಳು ಊಟ ಮಾಡಲಿಲ್ಲ, ಯಾರ ಮುಖವನ್ನೂ ನೋಡಲಿಲ್ಲ. ಮರುವಾರ ಹೆಡ್ ನರ್ಸಿನ ಮುಂದೆ ಹೋಗಿ ನಿಂತಳು. ನರ್ಸಿಂಗ್ ಓದಬೇಕು, ಅರ್ಜಿ ಎಲ್ಲಿ ಸಿಗುತ್ತದೆ ಎಂದಳು. ಆಕೆ ಮರುಕದಿಂದ, ನೀನು ದುಭಾಷಿಯಾಗಿಯೇ ಚೆನ್ನಾಗಿದ್ದೀಯಲ್ಲ ಎಂದಳು. ಈ ಮರುಕದ ದನಿ ಕೇಳಿದರೆ ಅಕಿನಿಸಿಗೆ ಇವತ್ತಿಗೂ ಮೈ ಉರಿಯುತ್ತದೆ.

ಮಗುವನ್ನು ಯೂಸಿಪಿ ಮತ್ತು ಲಿಯಾಳ ಕೈಗಿತ್ತು ಅವಳು ಓದಲು ಹೋದಳು. ಮೂರು ವರ್ಷ ಎಂದಿದ್ದು ನಾಲ್ಕಾಯಿತು. ದುಭಾಷಿ ಕೆಲಸದಲ್ಲಿ ಕಲಿತ ಇಂಗ್ಲಿಷ್ ಸಾಲದೆಂದು ಒಂದು ವರ್ಷ ಬರೀ ಭಾಷೆಗೇ ಕೂರಿಸಿದರು. ಪ್ರಥಮ ದರ್ಜೆಯಲ್ಲಿ ಪಾಸಾದಾಗ ಪ್ರಾಧ್ಯಾಪಕಿಯೊಬ್ಬಳು ಅವಳ ಬೆನ್ನು ತಟ್ಟಿ, ನಿಮ್ಮ ಜನ ಕೈಕೆಲಸದಲ್ಲಿ ಜಾಣರು ಎಂದು ಮೆಚ್ಚಿದಳು. ಮೆಚ್ಚುಗೆಯನ್ನೇ ಬೈಗುಳದ ಹಾಗೆ ಆಡಲು ಕಲಿತವರಿಗೆ ಏನು ಹೇಳುವುದು?

ನರ್ಸಾಗಿ ಊರಿಗೆ ಬಂದಳು. ಬಂದ ತಿಂಗಳಲ್ಲೇ ಹೊಸ ಡಾಕ್ಟರೊಬ್ಬ, ಇಪ್ಪತ್ತಾರರ ಹುಡುಗ, ಅವಳನ್ನು ಮೇಲಿಂದ ಕೆಳಗೆ ನೋಡಿ, "ನರ್ಸನ್ನ ಕರ್ಕೊಂಡು ಬಾಮ್ಮ," ಎಂದ.

"ಬಂದಿದೀನಿ," ಎಂದಳು ಅಕಿನಿಸಿ.

"ಅಲ್ಲ, ನರ್ಸು."

"ಹೂಂ. ಬಂದೇ ಇದೀನಿ. ನೀವೇ ಇನ್ನೂ ಬಂದ ಹಾಗಿಲ್ಲ."

ಈ ಮಾತು ಊರಿನಲ್ಲಿ ವರ್ಷಗಟ್ಟಲೆ ಓಡಾಡಿತು. ಯಾರಾದರೂ ತಡವಾಗಿ ಎದ್ದರೆ ಇನ್ನೂ ಬಂದ ಹಾಗಿಲ್ಲ ಎಂದು ಛೇಡಿಸುವುದು ರೂಢಿಯಾಯಿತು. ಆದರೆ ಅಕಿನಿಸಿಗೆ ನಗು ಬರಲಿಲ್ಲ. ನರ್ಸಾದರೂ ಬಸುರಿಯರ ಪಟ್ಟಿ ಬರೆಯುವ ಕೆಲಸ ಅವಳ ತಲೆಗೇ ಬಂತು. ಗೆಳತಿಯರು ಎದುರು ಕೂತು ಎರಡು ತಿಂಗಳು ಕದ್ದು ಹೇಳುತ್ತಿದ್ದರು, ಅವಳು ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದಳು. ಇಬ್ಬರಿಗೂ ನಿಜ ಗೊತ್ತು, ಇಬ್ಬರೂ ಬಾಯಿ ಬಿಡುವಂತಿಲ್ಲ. ಒಬ್ಬಳು ಹೀಗೆ ಬಚ್ಚಿಟ್ಟುಕೊಂಡು, ಕಡೆಗೆ ಹಿಮಬಂಡಿಯ ಮೇಲೆ, ಊರಿಗೂ ಬೇಟೆಯ ಬಿಡಾರಕ್ಕೂ ನಡುವೆ ಹೆತ್ತಳು. ತಾಯಿ, ಮಗು ಉಳಿದದ್ದು ಲಿಯಾಳ ಕೈಗುಣ. ವರದಿಯಲ್ಲಿ ಮಾತ್ರ ‘ರೋಗಿಯ ಅಸಹಕಾರ’ ಎಂದು ಬಂತು. ಅಕಿನಿಸಿ ಆ ಪದದ ಕೆಳಗೆ ಎರಡು ಗೆರೆ ಎಳೆದು ಕಡತವನ್ನು ಮುಚ್ಚಿದಳು.

ಹೆಡ್ ನರ್ಸಾದಳು. ಆಸ್ಪತ್ರೆಗೆ ಮುಖ್ಯಸ್ಥರೆಂದು ದಕ್ಷಿಣದಿಂದ ನಾಲ್ಕು ವರ್ಷದಲ್ಲಿ ಮೂವರು ಬಂದರು, ಮೂವರೂ ಹೋದರು. ಮೂರನೆಯವನ ಸಾಮಾನು ಹಡಗಿನಲ್ಲಿ ಬಂದು ಇಳಿಯುವ ಮೊದಲೇ ಅವನು ವಿಮಾನ ಹತ್ತಿದ್ದ. ಕೊನೆಗೆ ಊರಿನ ಸಮಿತಿಯವರು ಸಭೆ ಸೇರಿ, ಓಡಿಹೋಗಲು ಜಾಗವಿಲ್ಲದವಳೇ ಬೇಕು ಎಂದು ನಗುತ್ತ ಅಕಿನಿಸಿಯನ್ನು ಆ ಕುರ್ಚಿಯಲ್ಲಿ ಕೂರಿಸಿದರು.

ಕೂತ ಮೊದಲ ದಿನವೇ ಅವಳು ಕೊಲ್ಲಿಯ ಕಡೆ ಕಿಟಕಿಯಿದ್ದ ಉಗ್ರಾಣದ ಕೋಣೆಯನ್ನು ಖಾಲಿ ಮಾಡಿಸಿದಳು. ಸುಣ್ಣ ಹೊಡೆಸಿ, ಮಂಚ ಹಾಕಿಸಿ, ಲಿಯಾಗೆ ಒಂದು ಕುರ್ಚಿ ಇಟ್ಟಳು. ಊರಿನ ಇಬ್ಬರು ಹುಡುಗಿಯರನ್ನು ಸೂಲಗಿತ್ತಿ ಕೆಲಸಕ್ಕೆ ತರಬೇತಿಗೆ ಹಾಕಿದಳು. ಆಮೇಲೆ ದಕ್ಷಿಣದ ವೈದ್ಯರ ಮಂಡಳಿಗೆ ಬರೆದಳು: ಇನ್ನು ಮುಂದೆ ನಮ್ಮ ಮಕ್ಕಳು ಇಲ್ಲೇ ಹುಟ್ಟುತ್ತಾರೆ.

ಮಂಡಳಿಯ ಹಿರಿಯ, ಡಾಕ್ಟರ್ ಗೋಸ್ಲಾಂ, ಸಭ್ಯ ಮನುಷ್ಯ. ಕೂಗಾಡುವವರ ಜೊತೆ ಜಗಳವಾಡಬಹುದು, ಸಭ್ಯರ ಜೊತೆ ಆಡುವುದು ಕಷ್ಟ. ಆಪರೇಷನ್ ಕೋಣೆ ಇಲ್ಲದ ಕಡೆ ಏನಾದರೂ ಆದರೆ ಯಾರು ಹೊಣೆ ಎಂದು ಕೇಳಿದರು. ವಿಮಾನದಲ್ಲಿ, ವಸತಿಗೃಹದಲ್ಲಿ, ಹಿಮಬಂಡಿಯ ಮೇಲೆ ಆದದ್ದಕ್ಕೆ ಇಷ್ಟು ವರ್ಷ ಯಾರು ಹೊಣೆಯಾಗಿದ್ದರು ಎಂದು ಅಕಿನಿಸಿ ಕೇಳಿದಳು. ಒಂದು ವರ್ಷ ಕಾಗದ ಹೋಗಿ ಬಂದ ಮೇಲೆ ಷರತ್ತಿನ ಮೇಲೆ ಒಪ್ಪಿಗೆ ಬಂತು. ಎರಡು ವರ್ಷ ಪರೀಕ್ಷೆಗಾಗಿ. ಎರಡನೆಯ ಹೆರಿಗೆಯಿಂದ ಮೇಲಿನವರು ಮಾತ್ರ. ಚೊಚ್ಚಲು ಬಸುರಿಯರು ಮೊದಲಿನಂತೆ ವಿಮಾನ ಹತ್ತಬೇಕು. ಒಬ್ಬಳೇ ಒಬ್ಬಳು ದಿನ ಬಚ್ಚಿಟ್ಟು ಇಲ್ಲಿ ಹೆತ್ತರೂ ಆ ಕೋಣೆಗೆ ಬೀಗ.

ಅಕಿನಿಸಿ ಹಲ್ಲು ಕಚ್ಚಿ ಸಹಿ ಹಾಕಿದಳು. ಹದಿನಾಲ್ಕು ತಿಂಗಳಲ್ಲಿ ಆ ಕೋಣೆಯಲ್ಲಿ ಮೂವತ್ತೊಂದು ಮಕ್ಕಳು ಹುಟ್ಟಿದವು. ಮೂವತ್ತೊಂದಕ್ಕೂ ಹೆಸರಿರುವ, ಮುಖವಿರುವ ಸನಾಜಿಯರು. ಒಂದಕ್ಕೂ ಏನೂ ಆಗಲಿಲ್ಲ. ಕೋಣೆಯಿಂದ ಹೊರಬರುವ ಕೂಗು, ನಗು ಕೇಳಲಿಕ್ಕೆಂದೇ ಮುದುಕರು ಆಸ್ಪತ್ರೆಯ ವರಾಂಡದಲ್ಲಿ ಚಹಾ ಹಿಡಿದು ಕೂರುತ್ತಿದ್ದರು.

ಹದಿನೈದನೆಯ ತಿಂಗಳಲ್ಲಿ ಚೊಚ್ಚಲು ಬಸುರಿ ನೆಲ್ಲಿಯ ಹೊಟ್ಟೆ ದೊಗಲೆ ಕೋಟಿನಲ್ಲೂ ಬಚ್ಚಿಡಲಾಗದಷ್ಟಾಯಿತು. ಈಗ ಅವಳಿಗೆ ಇಪ್ಪತ್ತೆರಡು. ಊರಿನ ರೇಡಿಯೋದಲ್ಲಿ ಎರಡು ಭಾಷೆಯಲ್ಲಿ ಹವಾಮಾನ ಓದುವವಳು, ಮಾತಿನ ಮಲ್ಲಿ. ಆಸ್ಪತ್ರೆಗೆ ಬಂದು ಅಮ್ಮನ ಮುಂದೆಯೇ ಕೂತು ಎರಡು ತಿಂಗಳು ಕದ್ದು ದಿನ ಹೇಳಿದಳು. ಅಕಿನಿಸಿ ಬರೆದುಕೊಳ್ಳಲಿಲ್ಲ. ಪೆನ್ನಿನ ಮುಚ್ಚಳ ಹಾಕಿ ಸಂಜೆ ಮನೆಗೆ ಬಾ ಎಂದಳು.

ಸಂಜೆ ಲಿಯಾ ನೆಲದ ಮೇಲೆ ರಟ್ಟು ಹಾಸಿ, ಹೆಪ್ಪುಗಟ್ಟಿದ ಕ್ಯಾರಿಬೂ ಜಿಂಕೆಯ ಮಾಂಸ ಹೆರೆದು ಇಡುತ್ತಿದ್ದಳು. ನೆಲ್ಲಿ ಬಂದು ಕೂತ ಕೂಡಲೆ ಲಿಯಾ ಅವಳ ಹೊಟ್ಟೆಯ ಮೇಲೆ ಅಂಗೈ ಇಟ್ಟು, "ಹೆಬ್ಬಾತು ಬರೋ ವಾರ," ಎಂದಳು. ಅಲ್ಲಿಗೆ ಇನ್ನು ಆರೇ ವಾರ.

"ಅಕ್ಕ, ನೀನಾದರೂ ಬಾಯಿ ಮುಚ್ಕೊಂಡಿರು," ಎಂದಳು ನೆಲ್ಲಿ.

"ಅವ್ವ, ನಾನು ಗೋಸ್ಲಾಂಗೆ ಫೋನ್ ಮಾಡಿದ್ದೆ," ಎಂದಳು ಅಕಿನಿಸಿ. "ಕಾಲು ಹಿಡಿಯೋದೊಂದು ಬಾಕಿ. ಮುಖ್ಯಸ್ಥೆ ಮಗಳಿಗೆ ಬಿಟ್ಟರೆ ಬೇರೆಯವರಿಗೆ ಏನು ಹೇಳ್ಲಿ ಅಂದ. ಬೇರೆಯವರಿಗೂ ಬಿಡಿ ಅಂದೆ. ನಕ್ಕ."

"ಹಂಗಾದ್ರೆ?"

"ಮಂಗಳವಾರ ಹೋಗ್ಬೇಕು."

ನೆಲ್ಲಿಯ ಕೈಯಲ್ಲಿದ್ದ ಮಾಂಸ ರಟ್ಟಿನ ಮೇಲೆ ಬಿತ್ತು. "ನೀನೂ ಅವರ ಹಾಗೇ ಆಗ್ಬಿಟ್ಯಲ್ಲ ಮಗಳೇ. ಕುರ್ಚಿ ಸಿಕ್ಕಿದ್ದೇ ತಡ."

"ನಿನ್ನೊಬ್ಬಳಿಗೋಸ್ಕರ ಬೀಗ ಬಿದ್ರೆ? ಮುಂದಿನ ತಿಂಗಳೊಂದರಲ್ಲೇ ನಾಲ್ಕು ಜನ ಇದಾರೆ. ಅವರ ಮುಂದೆ ಹೇಗೆ ನಿಲ್ಲಲಿ?"

"ನನ್ನ ಮುಂದೆ ನಿಂತ್ಕೊಂಡು ಹೇಳು. ನನ್ನ ಹೊಕ್ಕುಳು ಕೊಯ್ದೋನ ಹೆಸರೇನು?"

ಅಕಿನಿಸಿ ಬಿದ್ದ ಮಾಂಸವನ್ನು ರಟ್ಟಿನ ಅಂಚಿಗೆ ಸರಿಸಿದಳು.

"ಆ ಮೀನು ಅವನು ತಿನ್ಲಿಲ್ಲ ಅಂತ ನಂಗೆ ಹತ್ತು ವರ್ಷಕ್ಕೇ ಗೊತ್ತಾಗಿತ್ತು," ಎಂದಳು ನೆಲ್ಲಿ. "ಆ ಕಾಗದ ನಿನ್ನ ಹೊಲಿಗೆ ಡಬ್ಬೀಲಿತ್ತು. ನಿಂಗೆ ಬೇಜಾರಾಗುತ್ತೆ ಅಂತ ಕೇಳ್ಲಿಲ್ಲ."

ಹದಿನಾರು ವರ್ಷ ಹೊಟ್ಟೆಯಲ್ಲಿಟ್ಟುಕೊಂಡ ಸುಳ್ಳು ಹೀಗೆ ಊಟದ ನಡುವೆ ಹೊರಬಿತ್ತು. ಅಕಿನಿಸಿ ಎದ್ದು ಹೋಗಿ ಒಲೆಯ ಕಡೆ ಮುಖ ಮಾಡಿ ನಿಂತಳು. ಅಳುತ್ತಿದ್ದಳು. ಅಳು ದುಃಖದ್ದಲ್ಲ, ಸಿಟ್ಟಿನದು. ಇಡೀ ಆಸ್ಪತ್ರೆ ತನ್ನ ಕೈಯಲ್ಲಿದ್ದೂ ಹೆತ್ತ ಮಗಳಿಗೆ ಒಂದು ಮಂಚ ಕೊಡುವ ಅಧಿಕಾರವಿಲ್ಲದ ಈ ಕುರ್ಚಿಗೆ ಬೆಂಕಿ ಹಾಕಬೇಕು ಎನ್ನಿಸಿತು.

ಲಿಯಾ ಚಾಕು ಒರೆಸಿದಳು. "ನನ್ನ ತಂಗೀನ ಒಬ್ಬಳನ್ನೇ ಕಳ್ಸಲ್ಲ. ನಾನೂ ಹೋಗ್ತೀನಿ."

"ಜೊತೆಗೆ ಯಾರನ್ನೂ ಬಿಡಲ್ಲ ದೊಡ್ಡಮ್ಮ. ಚಿಕ್ಕ ಹುಡುಗಿಯಾದ್ರೆ, ಇಲ್ಲ ಇಂಗ್ಲಿಷ್, ಫ್ರೆಂಚ್ ಎರಡೂ ಬರದೆ ಇದ್ರೆ ಮಾತ್ರ ದುಭಾಷಿ ಅಂತ ಒಬ್ಬರು ಹೋಗಬಹುದು ಅಂತ ಈ ವರ್ಷ ಹೊಸ ನಿಯಮ."

"ಹಂಗಾದ್ರೆ ಇವಳಿಗೆ ಬರಲ್ಲ."

"ಇವಳು ದಿನಾ ರೇಡಿಯೋದಲ್ಲಿ ಇಂಗ್ಲಿಷ್ ಓದ್ತಾಳೆ!"

"ಮಾಂಟ್ರಿಯಲ್‌ನಲ್ಲಿ ನಮ್ಮ ರೇಡಿಯೋ ಕೇಳ್ಸುತ್ತಾ?"

"ಅಲ್ಲ ಕಣೆ ಅಕ್ಕ," ನೆಲ್ಲಿ ಕಣ್ಣೊರೆಸಿಕೊಳ್ಳುತ್ತ ನಗಲು ಶುರು ಮಾಡಿದಳು, "ದುಭಾಷಿ ನೀನು. ನಿಂಗೇ ಇಂಗ್ಲಿಷ್ ಬರಲ್ವಲ್ಲ."

"ಯಾಕೆ ಬರಲ್ಲ? ಯೆಸ್. ನೋ. ಥ್ಯಾಂಕ್ಯೂ. ಇನ್ನೇನು ಬೇಕು?"

ಅಕಿನಿಸಿ ತಿರುಗಿ ನೋಡಿದಳು. ಇಬ್ಬರೂ ನಗುತ್ತಿದ್ದರು. ಅವಳು ನಗಲಿಲ್ಲ. ಮರುದಿನ ಕಚೇರಿಯ ಬಾಗಿಲು ಹಾಕಿಕೊಂಡು ಪ್ರಯಾಣದ ಫಾರಂ ತೆಗೆದಳು. ರೋಗಿಗೆ ಗೊತ್ತಿರುವ ಭಾಷೆ: ಇನುಕ್ಟಿಟುಟ್ ಮಾತ್ರ. ದುಭಾಷಿ: ಲಿಯಾ, ವಯಸ್ಸು ಎಪ್ಪತ್ತೆಂಟು. ದೃಢೀಕರಿಸಿದವರು: ಮುಖ್ಯಸ್ಥೆ. ಎರಡು ವರ್ಷದ ಹಿಂದೆ ತಾರೀಖು ತಿದ್ದಿದ ಗುಮಾಸ್ತನೊಬ್ಬನನ್ನು ಇದೇ ಕುರ್ಚಿಯಲ್ಲಿ ಕೂತು ಕೆಲಸದಿಂದ ತೆಗೆದು ಮನೆಗೆ ಕಳಿಸಿದವಳು ಅವಳು. ಮೊಣಕೈ ಊರಿ ಸಹಿ ಹಾಕಿದಳು.

ಮಾಂಟ್ರಿಯಲ್‌ನಲ್ಲಿ ನೆಲ್ಲಿ ಐದು ವಾರ ಮೂಗಿಯ ಹಾಗೆ ಇದ್ದಳು. ರೇಡಿಯೋದವಳಿಗೆ ಅದಕ್ಕಿಂತ ಶಿಕ್ಷೆ ಉಂಟೇ? ಸಂಜೆ ಫೋನು ಮಾಡಿದಾಗ ದಿನವಿಡೀ ಕೂಡಿಟ್ಟಿದ್ದನ್ನೆಲ್ಲ ಸುರಿಯುತ್ತಿದ್ದಳು. ಅರ್ಥವಾಗುವುದಿಲ್ಲ ಎಂದುಕೊಂಡು ಅವರು ಅವಳ ಎದುರೇ ಎಲ್ಲ ಮಾತಾಡುತ್ತಿದ್ದರು. ಈ ಉತ್ತರದವರು ಕಿರುಚುವುದೇ ಇಲ್ಲ, ನಾಯಿಗಳ ಹಾಗೆ ಸುಮ್ಮನೆ ಹೆರುತ್ತಾರೆ ಎಂದು ಒಬ್ಬಳು. ಆ ಮುದುಕಿಯನ್ನು ಯಾಕೆ ಕಳಿಸಿದರೋ, ವಾಸನೆ ಎಂದು ಇನ್ನೊಬ್ಬಳು. ಅಕಿನಿಸಿ ಫೋನು ಕಿವಿಗಿಟ್ಟುಕೊಂಡು ಎಲ್ಲವನ್ನೂ ಕೇಳಿಸಿಕೊಂಡಳು. ಇಪ್ಪತ್ತೆರಡು ವರ್ಷದ ಹಿಂದೆ ಅದೇ ಕೋಣೆಗಳಲ್ಲಿ ತನ್ನ ತಲೆಯ ಮೇಲೆ ಏನೇನು ಮಾತು ಓಡಿರಬಹುದು ಎಂದು ಅವಳಿಗೆ ಈಗ ಅರ್ಥವಾಯಿತು.

ಹೆರಿಗೆಯ ದಿನ ಡಾಕ್ಟರು ಸೂಜಿ ಹಿಡಿದು ಲಿಯಾಳಿಗೆ ಉದ್ದಕ್ಕೆ ಏನೋ ವಿವರಿಸಿದ, ಇದನ್ನು ರೋಗಿಗೆ ತಿಳಿಸಿ ಎಂದ.

"ಯೆಸ್," ಎಂದಳು ಲಿಯಾ. ನೆಲ್ಲಿಯ ಕಡೆ ತಿರುಗಿ, "ತಂಗಿ, ಇವನ ಕೈ ಸಣ್ಣದು, ಒಳ್ಳೇದೇ ಆಯ್ತು. ಮೂಗು ನೋಡಿದ್ಯಾ, ದಪ್ಪ ಕೊಕ್ಕಿನ ಪಫಿನ್ ಹಕ್ಕಿ ಥರ," ಎಂದಳು. ನೆಲ್ಲಿ ನೋವಿನ ನಡುವೆ ನಕ್ಕಳು. ರೋಗಿಗೆ ಅರ್ಥವಾಗಿದೆ ಎಂದು ಡಾಕ್ಟರು ಬರೆಸಿದ.

ಹೆಣ್ಣು ಮಗು ಹುಟ್ಟಿತು. ಡಾಕ್ಟರು ಬಳ್ಳಿಗೆ ಚಿಮಟ ಹಾಕಿದ ಕೂಡಲೆ ಲಿಯಾ ಕೈ ನೀಡಿದಳು. ಅವನು ಇಲ್ಲ, ನಿಯಮವಿಲ್ಲ ಎಂದು ತಲೆಯಾಡಿಸಿದ. "ಯೆಸ್," ಎಂದಳು ಲಿಯಾ. ಅವನು ಇನ್ನೊಮ್ಮೆ ಇಲ್ಲ ಎಂದ. "ಥ್ಯಾಂಕ್ಯೂ," ಎಂದು ಲಿಯಾ ಕತ್ತರಿ ತೆಗೆದುಕೊಂಡು ಕೊಯ್ದೇಬಿಟ್ಟಳು. ಬಗ್ಗಿ ಕೂಸಿನ ಕಿವಿಯಲ್ಲಿ, "ಗಟ್ಟಿಗಿತ್ತಿಯಾಗು. ಯಾರೆದುರೂ ತಲೆ ತಗ್ಗಿಸಬೇಡ. ನಿನ್ನ ಕೈಗೆ ಸೂಜಿಯೂ ಬರಲಿ, ಗಾಳವೂ ಬರಲಿ," ಎಂದು ಹೇಳತೊಡಗಿದಳು. ನರ್ಸು ಮಗುವನ್ನು ಎತ್ತಿ ತೂಕಕ್ಕೆ ಒಯ್ಯಲು ಹೋದಾಗ ನೆಲ್ಲಿಗೆ ತಡೆಯಲಾಗಲಿಲ್ಲ. ರೇಡಿಯೋದ ಸ್ಪಷ್ಟ ಇಂಗ್ಲಿಷಿನಲ್ಲಿ, "ಅವರು ಮಾತು ಮುಗಿಸೋವರೆಗೂ ನನ್ನ ಮಗಳನ್ನ ಮುಟ್ಟಬೇಡಿ. ಐದು ವಾರದಿಂದ ನೀವು ಆಡಿದ್ದೆಲ್ಲ ಕೇಳಿಸ್ಕೊಂಡಿದೀನಿ," ಎಂದಳು. ನರ್ಸು ಚಾಚಿದ ಕೈ ಹಿಂದೆ ತೆಗೆದಳು. ಲಿಯಾ ಸಾವಕಾಶವಾಗಿ ಮಾತು ಮುಗಿಸಿದಳು.

ಬಾಣಂತಿ, ಕೂಸು, ಮುದುಕಿ ಊರಿಗೆ ಬಂದು ಇಳಿದ ಮರುವಾರದ ವಿಮಾನದಲ್ಲಿ ಡಾಕ್ಟರ್ ಗೋಸ್ಲಾಂ ಇನ್ನಿಬ್ಬರನ್ನು ಕರೆದುಕೊಂಡು ಬಂದರು. ಆಸ್ಪತ್ರೆಯ ಸಭಾಕೋಣೆಯಲ್ಲಿ ಮೇಜಿನ ಮೇಲೆ ಆ ಫಾರಂ ಇಟ್ಟರು. ಅಕಿನಿಸಿ ಬರುವಾಗ ವಾರ್ಡ್‌ಬಾಯ್ ಕೈಲಿ ಬಾಣಂತಿಯರ ಜೊತೆ ಮಾಂಟ್ರಿಯಲ್‌ನಿಂದ ಬಂದ ಕಡತಗಳ ಒಂಬತ್ತು ಪೆಟ್ಟಿಗೆ ಹೊರಿಸಿ ಗೋಡೆಯ ಪಕ್ಕ ಸಾಲಾಗಿ ಇಡಿಸಿದ್ದಳು. ಊರಿನ ಹೆಂಗಸರು ಬಾಗಿಲ ಹೊರಗೆ ಮಕ್ಕಳನ್ನು ಹೊತ್ತು ನಿಂತಿದ್ದರು. ಕೋಣೆಗೆ ಬೀಗ ಬೀಳುತ್ತದೆಂದು ಅವರಿಗೆಲ್ಲ ಗೊತ್ತಿತ್ತು.

"ಈ ಸಹಿ ನಿಮ್ಮದೇ ತಾನೇ?" ಎಂದರು ಗೋಸ್ಲಾಂ.

"ನನ್ನದೇ."

"ಇದರಲ್ಲಿ ಬರೆದಿರೋದು ಸುಳ್ಳು ಅಂತ ಸಹಿ ಹಾಕೋವಾಗ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ದುಭಾಷಿಗೆ ಇಂಗ್ಲಿಷ್ ಬರಲ್ಲ ಅಂತಲೂ?"

"ಮೂರು ಪದ ಬರುತ್ತೆ. ನೀವು ಇಲ್ಲಿಗೆ ಹತ್ತೊಂಬತ್ತು ವರ್ಷದಿಂದ ಬರ್ತಿದೀರಿ. ನಮ್ಮ ಭಾಷೇಲಿ ಮೂರು ಪದ ಹೇಳಿ, ಕೇಳೋಣ."

ಗೋಸ್ಲಾಂ ಕನ್ನಡಕ ತೆಗೆದು ಒರೆಸತೊಡಗಿದರು. ಜೊತೆಗೆ ಬಂದವರಲ್ಲೊಬ್ಬ, ವಿಷಯ ಅದಲ್ಲ, ಮುಖ್ಯಸ್ಥರೇ ಸುಳ್ಳು ದಾಖಲೆ ಬರೆದರೆ ಆಸ್ಪತ್ರೆಯನ್ನು ನಂಬುವುದು ಹೇಗೆ ಎಂದ.

"ನಿಜ," ಎಂದಳು ಅಕಿನಿಸಿ. "ಸುಳ್ಳು ಸಹಿ ಹಾಕಿದೋರಿಗೆ ಶಿಕ್ಷೆ ಆಗಬೇಕು. ಅದಕ್ಕೇ ಇವನ್ನ ತರಿಸಿದೀನಿ." ಮೊದಲ ಪೆಟ್ಟಿಗೆಯಿಂದ ಒಂದು ಕಡತ ತೆಗೆದು ಅವರ ಮುಂದಿಟ್ಟಳು. "ಇದು ನಂದು. ಎಪ್ಪತ್ತಾರನೇ ಇಸವಿ. ಕೆಳಗಡೆ ಓದಿ."

ಯಾರೂ ಓದಲಿಲ್ಲ. ಅವಳೇ ಓದಿದಳು. ‘ಎಲ್ಲ ವಿಷಯವನ್ನೂ ರೋಗಿಗೆ ಆಕೆಯ ಭಾಷೆಯಲ್ಲಿ ವಿವರಿಸಲಾಗಿದೆ. ಆಕೆ ಅರ್ಥ ಮಾಡಿಕೊಂಡು ಒಪ್ಪಿರುತ್ತಾಳೆ.’ ಅದರಡಿ ಹೆಸರು ಓದಲಾಗದ ಡಾಕ್ಟರ ಗೀಚು ಸಹಿ.

"ನಂಗಾಗ ಹತ್ತೊಂಬತ್ತು. ನನ್ನ ಭಾಷೇಲಿ ಅಲ್ಲಿ ಯಾರೂ ಒಂದು ಮಾತೂ ಆಡ್ಲಿಲ್ಲ. ನನ್ನ ಕಾಲು ಕಟ್ಟೋವಾಗಲೂ ಆಡ್ಲಿಲ್ಲ. ಈ ಪೆಟ್ಟಿಗೆಗಳಲ್ಲಿ ಆರುನೂರ ಹನ್ನೆರಡು ಹೆರಿಗೆ ಇದೆ. ಆರುನೂರ ಹನ್ನೆರಡರಲ್ಲೂ ಇದೇ ಸಾಲು, ಇದೇ ಸುಳ್ಳು, ಕೆಳಗೆ ಒಬ್ಬೊಬ್ಬ ಡಾಕ್ಟರ ಸಹಿ. ಕೊನೇ ಕಡತ ನನ್ನ ಮಗಳದು. ಮುದುಕಿ ಅಲ್ಲಿನ ಡಾಕ್ಟರ ಮೂಗನ್ನ ಆಡ್ಕೊಂಡಿದ್ದನ್ನ ಕೇಳಿ, ರೋಗಿಗೆ ಅರ್ಥ ಆಗಿದೆ ಅಂತ ಬರೆಸಿದಾನೆ." ಅವಳ ದನಿ ಏರಲಿಲ್ಲ. "ವಿಚಾರಣೆ ಮಾಡಿ. ನಾನು ಬೇಡ ಅನ್ನಲ್ಲ. ಮೊದಲನೇದರಿಂದ ಶುರು ಮಾಡಿ, ಒಬ್ಬರನ್ನೂ ಬಿಡಬೇಡಿ. ಕೊನೆಗೆ ನನ್ನ ಸರದಿ ಬರುತ್ತೆ. ಕಾಯ್ತೀನಿ."

ಮೂವರೂ ಆ ಮಧ್ಯಾಹ್ನದ ವಿಮಾನಕ್ಕೇ ವಾಪಸು ಹೋದರು. ಮೂರು ತಿಂಗಳ ಮೇಲೆ ಮಂಡಳಿಯಿಂದ ಕಾಗದ ಬಂತು. ಹೆರಿಗೆ ಕೋಣೆ ಮುಂದುವರಿಯಬಹುದು. ಆರೋಗ್ಯ ಸರಿಯಿರುವ ಚೊಚ್ಚಲು ಬಸುರಿಯರನ್ನೂ ಅಲ್ಲೇ ಇಟ್ಟುಕೊಳ್ಳಬಹುದು. ಅಕಿನಿಸಿಯ ಸಹಿಯ ಬಗ್ಗೆ ಒಂದಕ್ಷರವಿಲ್ಲ. ಆರುನೂರ ಹನ್ನೆರಡು ಹೆಂಗಸರ ಬಗ್ಗೆಯೂ ಒಂದಕ್ಷರವಿಲ್ಲ. ಊರಿನವರು ಮಾಂಸ, ಮೀನು, ಬ್ಯಾನಕ್ ರೊಟ್ಟಿ ಹರಡಿ ಹಬ್ಬ ಮಾಡಿದರು. ಅಕಿನಿಸಿ ತಿಂದಳು, ಕುಣಿದಳು, ಮೊಮ್ಮಗಳನ್ನು ಬೆನ್ನಿಗೆ ಹಾಕಿಕೊಂಡು ಊರೆಲ್ಲ ತಿರುಗಿದಳು. ಆದರೆ ಯಾರಾದರೂ ಗೆದ್ದೆಯಲ್ಲ ಎಂದರೆ ಅವಳ ಮುಖ ಬಿಗಿಯುತ್ತಿತ್ತು.

ಪೆಟ್ಟಿಗೆಗಳು ಇವತ್ತಿಗೂ ಸಭಾಕೋಣೆಯ ಗೋಡೆಯ ಪಕ್ಕದಲ್ಲೇ ಇವೆ. ದಕ್ಷಿಣದಿಂದ ಬಂದವರು ಕಾಲು ಚಾಚಲು ಜಾಗ ಸಾಲದೆ ಓರೆಯಾಗಿ ಕೂರುತ್ತಾರೆ. ಕಸ ಗುಡಿಸುವವಳು ಪ್ರತಿ ವರ್ಷ, ಇವನ್ನು ಉಗ್ರಾಣಕ್ಕೆ ಹಾಕಲಾ ಅಕ್ಕ ಎಂದು ಕೇಳುತ್ತಾಳೆ.

"ಬೇಡ, ಅಲ್ಲೇ ಇರ್ಲಿ," ಎನ್ನುತ್ತಾಳೆ ಅಕಿನಿಸಿ. "ಅವರಿನ್ನೂ ಮೊದಲನೇದನ್ನೇ ತೆಗೆದಿಲ್ಲ."